ಸೋಮವಾರದ ನಾಲ್ಕಾಣೆ

ನಾನು ಒಗೆದ ನಾಲ್ಕಾಣೆ ಹೊಳೆಗೆ ಬೀಳಲಿಲ್ಲ. ಹೊಳೆಯಲ್ಲಿ ನಿಂತಿದ್ದವನ ತಲೆಗೆ ಬಿತ್ತು.

ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಹೋಗುವ ಬಸ್ಸು ಭೀಮಾ ಸೇತುವೆಯ ಮೇಲೆ ಕೆಟ್ಟು ನಿಂತ ಲಾರಿಯ ಹಿಂದೆ ಸಿಕ್ಕಿಕೊಂಡಿತ್ತು. ಹಾಗಾಗಿ ತಪ್ಪಿಸಿಕೊಳ್ಳುವಂತೆಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಅವನು ದಂಡೆ ಹತ್ತಿ ಬಂದು ನನ್ನ ಕಿಟಕಿಯ ಕೆಳಗೆ ನಿಂತ. ಮೊಣಕಾಲ ತನಕ ಒದ್ದೆ. ಒಂದು ಕೈಯಲ್ಲಿ ಮ್ಯಾಗ್ನೆಟ್ ಕಟ್ಟಿದ ಹಗ್ಗ, ಇನ್ನೊಂದು ಕೈ ತಲೆ ತಿಕ್ಕುತ್ತಿತ್ತು.

“ಅಕ್ಕಾರ, ಇದು ನಿಮ್ಮದೇನ್ರಿ?”

“ಹೊಳಿಗೆ ಒಗದದ್ದು. ಈಗ ನನ್ನದಲ್ಲ.”

“ಇನ್ನ ಮೂರು ದಿನಕ್ಕ ಸರಕಾರ ನಾಲ್ಕಾಣೆ ಬಂದ್ ಮಾಡ್ತದ. ನಡೀಲಾರದ ರೊಕ್ಕ ಕೊಟ್ಟು ಗಂಗವ್ವಗ ಮೋಸ ಮಾಡ್ತೀರೇನು?”

ಬಸ್ಸಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಅವ್ವನಿಗೆ ಗುಳಿಗೆ ಕೊಟ್ಟು, ಬಸ್ಸಿಗೆ ಓಡಿ ಬಂದವಳು ನಾನು. ಶಹಾಪುರದ ಕ್ಯಾನಲ್ ಆಫೀಸಿನಲ್ಲಿ ಗುಮಾಸ್ತೆ. ‘ನೀರು ಯಾವಾಗ ಬಿಡ್ತೀರಿ?’ ಎಂದು ಜಗಳಕ್ಕೆ ಬರುವ ರೈತರಿಗೆಲ್ಲ, ಕೀಲಿ ನನ್ನ ಸೆರಗಿನಲ್ಲೇ ಇದೆಯೇನೋ ಎಂಬಂತೆ, ದಿನವಿಡೀ ಉತ್ತರ ಕೊಡುವವಳು. ನಗುವುದಕ್ಕೂ ಸ್ವಲ್ಪ ಶಕ್ತಿ ಬೇಕಲ್ಲ!

ಅವನು ನಾಣ್ಯವನ್ನು ಬೆರಳ ತುದಿಯಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ. “ನೋಡ್ರಿ, ಘೇಂಡಾಮೃಗ. ಇಸವಿ ಕೆಳಗ ಸಣ್ಣ ಚಿಕ್ಕಿ ಅದ. ಅಂದ್ರ ಇದು ಹೈದರಾಬಾದಿನಾಗ ಅಚ್ಚಾದದ್ದು. ಒಗೀಬ್ಯಾಡ್ರಿ, ಇಟ್ಕೋರಿ. ಕೂಡಿಡೋದು ಇಲ್ಲಿಂದ ಚಾಲೂ ಮಾಡ್ರಿ.”

ಕಿಟಕಿಯೊಳಗೆ ಕೈ ಚಾಚಿ ನನ್ನ ಅಂಗೈಯಲ್ಲಿಟ್ಟು ಹೋದ. ಹದಿನೈದು ವರ್ಷ ಕುಳಿತು ಹೋದ ಬಸ್ಸು, ಬಳಸಿದ ನಾಲ್ಕಾಣೆ. ಅದರ ಮೇಲೆ ನಕ್ಷತ್ರ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಅವನ ಹೆಸರು ಮೌನಪ್ಪ. ಹೆಸರಿಗಷ್ಟೇ ಮೌನ. ಹೊಳೆದಂಡೆಯ ಮನೆ, ಹೆಂಡತಿ ತೀರಿ ಆರು ವರ್ಷ. ಜನ ಸೇತುವೆಯಿಂದ ಹರಕೆಗೆ ಒಗೆದದ್ದನ್ನು ಅವನ ಅಜ್ಜನ ಕಾಲದಿಂದ ಅವರ ಮನೆಯವರೇ ಎತ್ತುತ್ತಾರಂತೆ. ಸೋಮವಾರ ಒಣಮೀನು ಮಾರಲು ಶಹಾಪುರಕ್ಕೆ ನನ್ನ ಬಸ್ಸನ್ನೇ ಹತ್ತತೊಡಗಿದ. ಬುಟ್ಟಿ ಬಸ್ಸಿನ ಮೇಲೆ, ತಾನು ನನ್ನ ಸೀಟಿನ ಪಕ್ಕದ ಕಂಬಿ ಹಿಡಿದು.

“ಹಳೇದು, ಭಾರೀ ಬೆಲೀದು ಅಂತ ಬೆನ್ನು ಹತ್ತಬ್ಯಾಡ್ರಿ. ಕೈಗೆ ಬಂದ ಚಿಲ್ಲರ ಮೊದಲು ಓದ್ರಿ. ಚಿಕ್ಕಿ ಇದ್ರ ಹೈದರಾಬಾದ್, ಚುಕ್ಕಿ ಇದ್ರ ನೋಯ್ಡಾ, ಏನೂ ಇಲ್ಲಂದ್ರ ಕಲ್ಕತ್ತಾ.”

“ಮುಂಬೈದು?”

“ವಜ್ರದ ಗುರುತು. ಶಂಕರಪೋಳಿ ಇದ್ದಂಗ ಇರ್ತದ್ರಿ.”

ಆಗ ನಕ್ಕೆ. ನಕ್ಕಿದ್ದು ನನಗೇ ತಡವಾಗಿ ತಿಳಿಯಿತು. ಅವನು ನೋಡಿ, ನೋಡದವನಂತೆ ಕಿಟಕಿಯ ಹೊರಗೆ ಮುಖ ತಿರುಗಿಸಿದ. ಕಿವಿ ಮಾತ್ರ ಕೆಂಪಾಗಿತ್ತು.

ಕಂಡಕ್ಟರ್, ಕಿರಾಣಿ ಅಂಗಡಿಯ ಜಲಾಲುದ್ದೀನ ಚಾಚಾ, ಆಫೀಸಿನ ಜವಾನ, ಎಲ್ಲರನ್ನೂ ಪೀಡಿಸಿ ನಾಣ್ಯ ಕೂಡಿಸಿದೆ. ಒಮ್ಮೆ ಅವ್ವ ಹತ್ತನ್ನು ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿ ಇಟ್ಟುಬಿಟ್ಟಳು. ಮೌನಪ್ಪನಿಗೆ ತೋರಿಸಿದರೆ ಹಲ್ಲುನೋವು ಬಂದವನಂತೆ ಗಲ್ಲ ಹಿಡಿದ. “ಅಯ್ಯಯ್ಯೋ, ತೊಳೀಬಾರದ್ರಿ! ಬಣ್ಣ ಹೋದ್ರ ಅದರ ವಯಸ್ಸೇ ಹೋದಂಗ.”

“ನನ್ನ ವಯಸ್ಸೂ ಹಂಗ ಹೋಗಂಗಿದ್ರ ಎಷ್ಟು ಚಂದಿತ್ತು!”

“ನಿಮ್ಮದು ಇದ್ದಂಗ ಇರ್ಲಿ” ಎಂದ. ಅಂದವನೇ ನಾಲಿಗೆ ಕಚ್ಚಿಕೊಂಡ. “ತಪ್ಪು ತಿಳೀಬ್ಯಾಡ್ರಿ ಅಕ್ಕಾರ.”

ಆ ‘ಅಕ್ಕಾರ’ ನನಗೆ ಬೇಕಿರಲಿಲ್ಲ. ಹಾಗೆ ಕರೆಯಲು ಕಾರಣ ನನ್ನ ಕೊರಳಲ್ಲೇ ಇತ್ತು. ಕರಿಮಣಿ ಸರ. ಯಾರೂ ಕಟ್ಟಿದ್ದಲ್ಲ, ಸ್ಟೇಷನ್ ರೋಡಿನಲ್ಲಿ ನಾನೇ ಕೊಂಡದ್ದು. ಮೂವತ್ತು ದಾಟಿದ ಮೇಲೆ ಬಸ್ಸಿನಲ್ಲಿ ದಿನಾ ಒಬ್ಬಳಾದರೂ ಕೇಳುತ್ತಿದ್ದಳು: “ಯಾಕವ್ವ, ಇನ್ನ ಲಗ್ನ ಆಗಿಲ್ಲೇನ?” ಉತ್ತರ ಹೇಳಿ ಹೇಳಿ ಸಾಕಾಗಿ ಹಾಕಿಕೊಂಡೆ. ಪ್ರಶ್ನೆಗಳು ನಿಂತವು. ಬಸ್‌ಸ್ಟ್ಯಾಂಡಿಗೆ ಬರುವಾಗ ಹಾಕುವುದು, ಮನೆಯ ಓಣಿಗೆ ಬಂದಾಗ ಪರ್ಸಿಗೆ ಹಾಕುವುದು.

ಮೌನಪ್ಪನಿಗೆ ನಿಜ ಹೇಳಬಹುದಿತ್ತು. ಹೇಳಲಿಲ್ಲ. ಲಗ್ನವಾದವಳು ಪರಗಂಡಸಿನ ಜೊತೆ ಒಂದು ತಾಸು ನಾಣ್ಯದ ಮಾತಾಡಿದರೆ ಜನ ಸುಮ್ಮನಿರುತ್ತಾರೆ. ಆಗದವಳು ಮಾತಾಡಿದರೆ ಮರುದಿನವೇ ಕಥೆ ಕಟ್ಟುತ್ತಾರೆ. ಸರ ತೆಗೆದರೆ ಸೋಮವಾರಗಳೂ ಹೋಗುತ್ತಿದ್ದವು. ವಾರದಲ್ಲಿ ನನ್ನದೆಂದು ಇದ್ದದ್ದು ಅದೊಂದೇ ತಾಸು.

ಜನವರಿಯಲ್ಲಿ ಅವ್ವ ಹೇಳಿದಳು, ಗುರುಮಠಕಲ್ಲಿನಿಂದ ಗುರುವಾರ ನೋಡಲು ಬರುತ್ತಾರಂತೆ. ವರನಿಗೆ ಐವತ್ತೆರಡು, ಎರಡನೇ ಸಂಬಂಧ. “ಹೂಂ ಅಂದುಬಿಡು ಸಾಯಬಮ್ಮ. ನಾ ಸತ್ತ ಮ್ಯಾಲ ಯಾರದಾರ ನಿನಗ?”

“ಹೂಂ” ಎಂದೆ. ಒಪ್ಪಿಗೆಯಾಗಿರಲಿಲ್ಲ ಅದು, ದಣಿವು.

ಸೋಮವಾರ ನಾಣ್ಯಗಳ ಆಲ್ಬಮ್ ಹಿಡಿದು ಬಸ್‌ಸ್ಟ್ಯಾಂಡಿಗೆ ಬೇಗ ಹೋದೆ. ಮೌನಪ್ಪ ಬುಟ್ಟಿಯ ಪಕ್ಕ ಕುಳಿತು ಚಹಾ ಕುಡಿಯುತ್ತಿದ್ದ. ಆಲ್ಬಮ್ ಅವನ ತೊಡೆಯ ಮೇಲಿಟ್ಟೆ.

“ಇದು ನಿಮ್ಮ ಹಂತೇಕ ಇರ್ಲಿ. ಇನ್ನ ನನ್ನ ಕೈಲಿ ಆಗಂಗಿಲ್ಲ.”

ಅವನ ಮುಖ ಇಳಿಯಿತು. “ಮನಿಯಾಗ ಯಜಮಾನ್ರು ಬ್ಯಾಡ ಅಂದ್ರೇನ್ರಿ?”

ಎಲ್ಲಿತ್ತೋ ಆ ಸಿಟ್ಟು. ಸರ ಜಗ್ಗಿದೆ. ಕಿತ್ತು ಬಂತು. ಮಣಿಗಳು ಕಲ್ಲುಹಾಸಿನ ಮೇಲೆ ಚೆಲ್ಲಿದವು. “ಯಾವ ಯಜಮಾನ? ಇದು ಮೂವತ್ತು ರೂಪಾಯಿದು. ಬಸ್ಸಿನಾಗ ಮಂದಿ ಬಾಯಿ ಮುಚ್ಚಸಾಕ ಹಾಕ್ಕೊಂಡದ್ದು!”

ಅವನು ಮಣಿಗಳನ್ನು ನೋಡಿದ, ನನ್ನನ್ನು ನೋಡಿದ. “ಮತ್ತ ಸೋಮವಾರಕ್ಕೊಮ್ಮೆ ಹೊಳಿಗೆ ಒಗೀತಿದ್ರಲ್ಲ, ಗಂಡನ ಆಯುಷ್ಯಕ್ಕಲ್ಲೇನ್ರಿ?”

“ಗಂಡ ಸಿಗ್ಲಿ ಅಂತ. ಹನ್ನೆರಡು ವರ್ಷ ಅವ್ವ ಒಗಸ್ಯಾಳ.”

ಮೌನಪ್ಪ ಚಹಾ ಕೆಳಗಿಟ್ಟ. “ಹನ್ನೆರಡು ವರ್ಷದ್ದು ಎಲ್ಲಾ ನಾನೇ ಆರಿಸಿ ತಿಂದೀನಿ” ಎಂದ ಮೆಲ್ಲಗೆ. “ನಿಮ್ಮ ಕೊರಳು ನೋಡಿ ನೋಡಿ ಬಾಯಿ ಕಟ್ಕೊಂಡೀನ್ರಿ ನಾ. ಮೀನು ಮಾರಾಕ ಶಹಾಪುರಕ್ಕ ಯಾಕ ಬರ್ಲಿ? ಯಾದಗಿರ್ಯಾಗ ಮಂದಿ ಮೀನು ತಿನ್ನಂಗಿಲ್ಲೇನು? ನಿಮ್ಮನ್ನ ನೋಡಾಕ ಬರ್ತಿದ್ದೆ.”

ನನ್ನ ಕಣ್ಣು ತುಂಬಿತು. “ಗುರುವಾರ ನನ್ನ ನೋಡಾಕ ಬರಾಕತ್ತಾರ. ಹೂಂ ಅಂದೀನಿ.”

“ನನಗೂ ಒಮ್ಮೆ ಕೇಳಾಕ ಬಿಡ್ರಿ. ಆಮ್ಯಾಲ ಏನಾರ ಅನ್ರಿ.”

“ನಂಗ ಭಾಳ ದಣಿವಾಗ್ಯಾದ ಮೌನಪ್ಪ. ಪ್ರೀತಿ ಮಾಡಾಕೂ ಶಕ್ತಿ ಇಲ್ಲ.”

“ಶಕ್ತಿ ಯಾರು ಕೇಳ್ಯಾರ? ನೀ ಸುಮ್ಮ ಕುಂಡ್ರು. ನಾ ಬಾಜೂಕ ಕುಂಡ್ರತೀನಿ.”

ಬಸ್ಸು ಬಂತು. ಮೊದಲ ಸಲ ಅವನು ಕಂಬಿ ಹಿಡಿದು ನಿಲ್ಲಲಿಲ್ಲ. ಎದುರಿನ ಹೆಂಗಸು ಕಣ್ಣರಳಿಸಿದಳು. ಅರಳಿಸಲಿ ಎಂದುಕೊಂಡೆ. ಸೇತುವೆ ದಾಟುವ ಮೊದಲೇ ನನ್ನ ತಲೆ ಅವನ ಹೆಗಲಿಗೆ ವಾಲಿತು.

ಕಣ್ಣು ಬಿಟ್ಟಾಗ ಸುರಪುರ. ಶಹಾಪುರ, ಆಫೀಸು, ಅವನ ಮೀನಿನ ವ್ಯಾಪಾರ, ಎಲ್ಲ ಹಿಂದೆ ಉಳಿದಿದ್ದವು.

“ಎಬ್ಬಿಸಬಾರದೇನು?”

“ಮನಸ್ಸಾಗಲಿಲ್ಲ” ಎಂದ. ತೋಳು ಜೋಮು ಹಿಡಿದಿತ್ತೇನೋ, ಅಲ್ಲಾಡಿಸದೆ ಕುಳಿತಿದ್ದ.

ಇಳಿದು ಅವ್ವನಿಗೆ ಫೋನ್ ಹಚ್ಚಿದೆ. “ಅವ್ವಾ, ಗುರುಮಠಕಲ್ಲಿನವ್ರಿಗೆ ಬರಬ್ಯಾಡ ಅಂತ ಹೇಳು.”

“ಯಾಕ ಬೇ?”

“ನಂಗ ಒಬ್ಬಾಂವ ಮನಸ್ಸಿಗೆ ಬಂದಾನ. ಇಲ್ಲೇ ಬಾಜೂಕ ನಿಂತಾನ.”

ಬೈಯುತ್ತಾಳೆಂದು ಕಾದೆ. ಮೂಗು ಏರಿಸಿದ ಸದ್ದು ಕೇಳಿತು, ಅವ್ವ ಅಳುತ್ತಿದ್ದಳು.

“ಉಂಡಾನೇನ ಅಂವಾ?” ಎಂದು ಕೇಳಿದಳು.

“ಇಲ್ಲ.”

“ಮತ್ತ ಅಲ್ಲೇನು ನಿಂತೀರಿ? ಕರ್ಕೊಂಡು ಬಾ, ರೊಟ್ಟಿ ಮಾಡಾಕತ್ತೇನಿ.”