ಬಾಲಾನಗರದ ಮುರಿದ ಸ್ಟ್ಯಾಂಡು

ಸೋಮವಾರ ಮುಂಜಾನೆ ಸುಭದ್ರಾ ಅಣ್ಣನಿಗೆ ಚಹಾ ಕೊಡುತ್ತಿದ್ದಾಗಲೇ ಬಣ್ಣದ ಶೆಡ್ಡಿನ ಬಸವರಾಜ ಏದುಸಿರು ಬಿಡುತ್ತ ಬಾಗಿಲಲ್ಲಿ ಬಂದು ನಿಂತ.

"ನರಹರಿ ಸಾಹೇಬ್ರ, ನನ್ನ ಸ್ಟ್ಯಾಂಡ್ ಮುರದು ಹಾಕ್ಯಾರ್ರಿ! ನನ್ನ ಕೂಡ ಬಣ್ಣ ಹೊಡಿಯೂ ಅಮರಯ್ಯಂದ ಕೆಲಸ ಇದು. ಮಂದಿ ಮುಂದ ಕಪಾಳಕ್ಕ ಹೊಡದು ಹೊರಗ ಹಾಕೀನಿ. ಪೊಲೀಸರಿಗೆ ಹೇಳೂಕಿಂತ ಮೊದಲ ನೀವೊಮ್ಮೆ ನೋಡ್ರಿ."

ನರಹರಿ ಬೀದರ ಕಡೆ ಪೊಲೀಸ್ ಅಧಿಕಾರಿಯಾಗಿದ್ದವನು. ನಿವೃತ್ತನಾದ ಮೇಲೆ ತಂಗಿಯ ಮನೆ ಸೇರಿದ್ದ. ಹೊಟ್ಟೆಪಾಡಿಗೆ ತೆಲುಗು ನಾಡಿಗೆ ಬಂದು ನೆಲೆಸಿದ್ದ ಬಾಲಾನಗರದ ಕನ್ನಡಿಗರಿಗೆ ಏನು ಕಳೆದರೂ, ಏನು ಕೆಟ್ಟರೂ ಅವನೇ ಬೇಕು. ಅವನು ಹೊರಟಲ್ಲಿಗೆ ಸುಭದ್ರಾಳೂ ಹೊರಡುತ್ತಿದ್ದಳು.

ಹತ್ತಿರದ ಮಾದಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಊರ ತುಂಬ ಹೊಸ ಕಾರು. ಆ ಕಾರುಗಳ ಕನ್ನಡಿ ಕವಚ, ಬಾಗಿಲ ಹಿಡಿಕೆಗಳಿಗೆ ಬಸವರಾಜನ ಶೆಡ್ಡಿನಲ್ಲಿ ಬಣ್ಣ ಹೊಡೆಯುತ್ತಿದ್ದರು. ಇಂಥ ಹಗುರ ಸಾಮಾನು ಸ್ಪ್ರೇ ಗನ್ನಿನ ಗಾಳಿಗೇ ಅಲುಗಾಡುತ್ತದೆ. ಅಲುಗಾಡಿದರೆ ಬಣ್ಣ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಅದಕ್ಕೇ ಬಸವರಾಜ ತಿರುಗುವ ಸ್ಟ್ಯಾಂಡೊಂದನ್ನು ಕಟ್ಟಿದ್ದ. ಅದರ ಕಬ್ಬಿಣದ ಬೆರಳುಗಳು ಸಾಮಾನನ್ನು ಒಳಗಿನಿಂದ ಬಿಗಿಹಿಡಿದು, ಮೆಲ್ಲಗೆ ತಿರುಗಿಸುತ್ತಿದ್ದವು. ಗೀರು ಬೀಳದಂತೆ ಪ್ರತಿ ಬೆರಳಿಗೂ ಸೈಕಲ್ ಟ್ಯೂಬಿನ ರಬ್ಬರು ಟೋಪಿ. ಅದನ್ನು ನೋಡಲು ದೊಡ್ಡ ಕಾರು ಕಂಪನಿಯವರು ಅದೇ ವಾರ ಬರುವವರಿದ್ದರು.

ಮೂವರೂ ಶೆಡ್ಡಿಗೆ ಹೋಗಿ ನೋಡಿದಾಗ ಬೆರಳುಗಳೆಲ್ಲ ಸುತ್ತಿಗೆ ಏಟಿಗೆ ಬಗ್ಗಿ ಬಿದ್ದಿದ್ದವು. ಗೋಡೆಯಲ್ಲಿ ಹೊಗೆ ಎಳೆಯುವ ಫ್ಯಾನು ಗುರ್ರೆನ್ನುತ್ತಿತ್ತು.

"ಈ ಫ್ಯಾನ್ ಯಾರು ಹಚ್ಚಿದ್ರು?" ಎಂದ ನರಹರಿ.

"ನಾ ಬಂದಾಗ ತಿರಗಾಕತ್ತಿತ್ರಿ. ಅಮರಯ್ಯ ಹಚ್ಚೂದ ಇಲ್ಲ, ಹಸಿ ಬಣ್ಣಕ್ಕ ಧೂಳ ಎಳಕೋತೈತಿ ಅಂತಾನ. ನಿನ್ನೆ ಐತವಾರ, ಶೆಡ್ ಬಂದ್ ಇತ್ತು. ಕೀಲಿ ಎರಡ ಅದಾವು: ಒಂದು ನಂದು, ಒಂದು ಅವಂದು. ಬ್ಯಾರೆ ಶೆಡ್ಡಿನವರು ಅವನ್ನ ಕರ್ಯಾಕತ್ತಿದ್ರು, ಅದಕ್ಕ ಹಿಂಗ ಮಾಡ್ಯಾನ." ಮಾತು ಮುಗಿಯುವಷ್ಟರಲ್ಲಿ ಅವನಿಗೆ ಕೆಮ್ಮು ಒತ್ತರಿಸಿ ಬಂತು.

ಕಪಾಟಿನ ಮೇಲೊಂದು ಡಬ್ಬಿ ಇತ್ತು. ಸುಭದ್ರಾ ಮುಚ್ಚಳ ತೆಗೆದಳು. ರಬ್ಬರು ಟೋಪಿಗಳು! ಒಂದೂ ಹರಿಯದಂತೆ ಬಿಡಿಸಿ, ಸಣ್ಣವು ದೊಡ್ಡವು ಬೇರೆ ಬೇರೆ ಮಾಡಿ ಇಟ್ಟಿದ್ದರು. ನರಹರಿ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ.

"ಇವನ್ನ ಕತ್ತರಿಸಿದವರು ಯಾರು?"

"ನನ್ನ ಹೇಣ್ತಿ, ಪಾರ್ವತಿಬಾಯಿ. ಮನ್ಯಾಗ ಕುಂತು ಮಾಡ್ಯಾಳ್ರಿ."

ಬಸವರಾಜನ ಮನೆಯಲ್ಲಿ ಪಾರ್ವತಿಬಾಯಿ ನೀರು ತಂದುಕೊಟ್ಟಳು. ಕಿಟಕಿಗಳೆಲ್ಲ ತೆರೆದಿದ್ದವು. ಗಂಡ ಒಳಗೆ ಬಂದೊಡನೆ ಅವನ ಬಣ್ಣದ ಅಂಗಿಯನ್ನು ಬಿಚ್ಚಿಸಿ ಹಿತ್ತಲಲ್ಲಿ ಒಗೆದು ಬಂದಳು. ಬಸವರಾಜ ಶೆಡ್ಡಿನ ಕೀಲಿಯನ್ನು ಎಂದಿನಂತೆ ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ.

ಸಂಜೆ ಅದೇ ಮನೆಯಲ್ಲಿ ಎಲ್ಲರೂ ಸೇರಿದರು. ಅಮರಯ್ಯ ಹೊಸಲಿನ ಆಚೆಗೇ ನಿಂತಿದ್ದ. ಸುಭದ್ರಾ ಕರೆದರೂ ಒಳಗೆ ಬರಲಿಲ್ಲ.

"ಸಿಟ್ಟಿಲೆ ಮುರಿಯಾಂವ ಟೋಪಿ ಬಿಡಿಸಿ ಜ್ವಾಪಾನ ಮಾಡಂಗಿಲ್ಲ," ನರಹರಿ ಶುರುಮಾಡಿದ. "ಅವನ್ನ ಒಂದೊಂದಾಗಿ ಕುಂತು ಕತ್ತರಿಸಿದ ಕೈಗೆ ಮಾತ್ರ ಅವನ್ನ ಹಾಳ ಮಾಡಾಕ ಮನಸ ಬರೂದಿಲ್ಲ. ಅಮರಯ್ಯ ಫ್ಯಾನ್ ಹಚ್ಚೂದಿಲ್ಲ. ಹಚ್ಚಿದವರಿಗೆ ಆ ಕೋಣಿ ವಾಸನಿ ಅಂದ್ರ ಜೀವಭಯ. ಕೀಲಿ ಮನ್ಯಾಗಿನ ಮೊಳಿಗೇ ತೂಗತೈತಿ. ಐತವಾರ ಮಧ್ಯಾಹ್ನ ಬಸವರಾಜ ಮಲಗಿರ್ತಾನ." ಅವನ ದನಿ ಇಳಿಯಿತು. "ಪಾರ್ವತಿಬಾಯಿ, ಇವನ ಕೆಮ್ಮಿಗೆ ಡಾಕ್ಟರ್ ಏನಂದಿದ್ರವ್ವಾ?"

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಇವ್ರ ಶ್ವಾಸಕೋಶ ಸುಟ್ಟು ಹೋಗ್ಯಾವು, ಇನ್ನ ಬಣ್ಣದ ಹತ್ರ ಹೋಗಬ್ಯಾಡ ಅಂದಾರ್ರಿ. ಯಾರಿಗೂ ಹೇಳಬ್ಯಾಡ ಅಂತ ಇವ್ರು ಆಣಿ ಹಾಕಿಸ್ಕೊಂಡ್ರು. ಆ ಕಂಪನಿ ಬಂದ್ರ ಹಗಲು ರಾತ್ರಿ ಅಲ್ಲೇ ನಿಲ್ತಿದ್ರು. ಸ್ಟ್ಯಾಂಡ್ ಹೋದ್ರ ಮನಿಶ್ಯಾ ಉಳೀತಾನ ಅನಕೊಂಡ್ನಿ. ಅಮರಣ್ಣನ ಮ್ಯಾಲೆ ಬರತೈತಿ ಅಂತ ನನಗ ಹೊಳೀಲಿಲ್ಲ. ಮುಂಜಾನಿ ಬಾಯಿ ಬಿಡಬೇಕಂದ್ನಿ, ಧೈರ್ಯ ಬರಲಿಲ್ಲ."

ಬಸವರಾಜ ಹೆಂಡತಿಯನ್ನು ಬೈಯಲಿಲ್ಲ. ಗೋಡೆ ಹಿಡಿದು ಎದ್ದು ಹೊಸಲಿಗೆ ಹೋದ. ಅಮರಯ್ಯನ ಕಾಲಿಗೆ ಬಾಗಲು ಹೋದವನನ್ನು ಅಮರಯ್ಯ ತಡೆದು ಹಿಡಿದ.

"ಬ್ಯಾಡಪಾ. ಇಷ್ಟು ವರ್ಷ ಕೂಡಿ ದುಡದ್ವಿ. ನನ್ನ ಒಂದ ಮಾತು ಕೇಳಬೇಕಿತ್ತು ನೀ," ಎಂದಷ್ಟೇ ಹೇಳಿ ಹೊರಟುಹೋದ.

ಆ ರಾತ್ರಿ ನರಹರಿ ಊಟಕ್ಕೆ ಏಳಲಿಲ್ಲ. "ಬಗೆಹರಿಸಿದ್ದು ಖರೆ, ಯಾರಿಗೆ ಸುಖ ಆತು ತಂಗೀ?" ಎಂದ. ಸುಭದ್ರಾ ಅವನ ತಟ್ಟೆಯನ್ನು ಮುಚ್ಚಿಟ್ಟಳು.

ಕಂಪನಿಯವರು ಬೇರೆ ಶೆಡ್ಡಿಗೆ ಹೋದರು. ಬಸವರಾಜ ಬಣ್ಣ ಬಿಟ್ಟ. ಆದರೆ ಬಿಡುವ ಹೊತ್ತು ಮೀರಿತ್ತು. ಮುಂದಿನ ಯುಗಾದಿಯನ್ನು ಅವನು ಕಾಣಲಿಲ್ಲ. ಅವನು ತೀರಿಕೊಂಡ ದಿನ ಸುಭದ್ರಾ ಪಾರ್ವತಿಬಾಯಿಯನ್ನು ಹಿಡಿದುಕೊಂಡು ಕೂತಿದ್ದಾಗ, ಹೊಸಲು ದಾಟಿ ಮೊದಲು ಒಳಗೆ ಬಂದು ಚಟ್ಟಕ್ಕೆ ಹೆಗಲು ಕೊಟ್ಟವನು ಅಮರಯ್ಯ.