ಜೀವಾಳಿ ತೆಗೆದ ತಂಬೂರಿ

ಅನಂತಮತಿ ತನ್ನ ತುಟಿಯನ್ನೇ ನೋಡುತ್ತಾಳೆ ಎಂದು ಖಾತ್ರಿಯಾದ ದಿನ ಜಯವರ್ಮನ ಕಾಲು ಮೂಡಬಿದ್ರೆಯ ನೆಲ ಮುಟ್ಟಲಿಲ್ಲ.

ಟೆಂಟ್ ಟಾಕೀಸಿಗೆ ಬಂದ ಪಿಕ್ಚರನ್ನೆಲ್ಲ ಮೂರು ಮೂರು ಸಲ ನೋಡಿ ಡಯಲಾಗು ಬಾಯಿಪಾಠ ಮಾಡಿದ ಗಂಡು ಅವನು. ಸುಬ್ಬಯ್ಯ ಮಾಸ್ಟ್ರ ಸಂಗೀತ ಪಾಠಕ್ಕೆ ಸೇರಿದ್ದು ಸರಿಗಮದ ಆಸೆಯಿಂದಲ್ಲ. ಎದೆಯ ಕಾಯಿಲೆಯಿಂದ ಮಂಗಳೂರಿನಲ್ಲಿ ಆರು ತಿಂಗಳು ಮಲಗಿ, ಬಡಕಲಾಗಿ ತಿರುಗಿ ಬಂದ ಅನಂತಮತಿ ತಂಬೂರಿಯ ದಂಡಿಗೆ ಕೆನ್ನೆ ಒತ್ತಿ ಕೂರುವುದನ್ನು ನೋಡಲಿಕ್ಕೆ.

"ದೇವಿ, ಈ ದಾಸನಿಗೆ ಒಂದು ಸ್ವರದ ಭಿಕ್ಷೆ ನೀಡುವಿರಾ?"

ಅವನ ತುಟಿಯಿಂದ ಕಣ್ಣು ಕೀಳದೆ, ಮಾತು ಪೂರಾ ಮುಗಿಯುವವರೆಗೆ ಕಾದು, ಅವಳು ನಕ್ಕಳು.

"ಭಿಕ್ಷೆಯವರು ಹಿಂದಿನ ಬಾಗಿಲಿಗೆ ಬರಬೇಕು, ಮಾರಾಯ್ರೆ."

ಜೂನಿಯರ್ ಪರೀಕ್ಷೆಗೆ ಒಂದೇ ತಿಂಗಳಿತ್ತು. ಪಾಸಾದರೆ ಸಂಗೀತ, ಇಲ್ಲದಿದ್ದರೆ ತಂಬೂರಿ ಅಟ್ಟಕ್ಕೆ. ಅವಳ ಅಪ್ಪ ಹಾಗೆಂದು ತೀರ್ಮಾನಿಸಿಬಿಟ್ಟಿದ್ದರು.

ಅಂಥ ಹೊತ್ತಿನಲ್ಲಿ ಜಯವರ್ಮನಿಗೆ ಕುಚೇಷ್ಟೆ ಹೊಳೆಯಿತು. ತಂಬೂರಿಯಲ್ಲಿ ತಂತಿ ಹೊರುವ ಮರದ ಕುದುರೆಯ ಮೇಲೆ, ತಂತಿಯ ಅಡಿಗೆ, ಒಂದೊಂದು ಎಳೆ ಹತ್ತಿಯ ನೂಲು ಸಿಕ್ಕಿಸುತ್ತಾರೆ. ಅದೇ ಜೀವಾಳಿ. ಅದಿದ್ದರೆ ತಂತಿ ಜೇನುಹುಳದ ಹಾಗೆ ಝೇಂಕರಿಸುತ್ತದೆ. ತೆಗೆದರೆ ಬರೀ ಟಿಂಯ್, ಟಿಂಯ್. ಪಾಠಕ್ಕೆ ಮೊದಲೇ ಬಂದು ನಾಲ್ಕೂ ಎಳೆಯನ್ನು ಕಿತ್ತು ಜೇಬಿಗೆ ಹಾಕಿದ. ಅವಳು ಗಾಬರಿಯಿಂದ ಹುಡುಕಬೇಕು, ತಾನು ಹೀರೋನಂತೆ ಎದ್ದು ಕೊಡಬೇಕು. ಸೀನು ತಯಾರಿತ್ತು.

ಅವಳು ಬಂದಳು. ಕೂತಳು. ತಂತಿ ಮೀಟಿದಳು.

ಟಿಂಯ್, ಟಿಂಯ್.

ಅವಳು ಹುಡುಕಲಿಲ್ಲ. ಕಣ್ಣು ಮುಚ್ಚಿ ಮಾಯಾಮಾಳವಗೌಳದ ಸರಳೆ ಹಾಡತೊಡಗಿದಳು. ಪಾಠಕ್ಕೆ ಕೂತ ಮಕ್ಕಳು ಕಿಸಕ್ಕೆಂದರು.

"ಅನಂತಮತಿ, ತಂಬೂರಿಗೆ ಏನಾಗಿದೆ?" ಮಾಸ್ಟ್ರು ಕೇಳಿದರು.

ಅವಳು ಹಾಡುತ್ತಲೇ ಇದ್ದಳು. ಎರಡನೇ ಸಲ ಕರೆದರು. ಮೂರನೇ ಸಲ ಕರೆದಾಗ ಮಕ್ಕಳ ನಗು ನಿಂತಿತ್ತು. ಮಾಸ್ಟ್ರು ಎದ್ದು ಹೋಗಿ ಅವಳ ಭುಜ ಮುಟ್ಟಿದರು. ಅವಳು ಕಣ್ಣು ತೆರೆದಳು. ಎಲ್ಲರ ಮುಖ ನೋಡಿದಳು. ಕಿವಿಯ ಸಂಗತಿ ಎಲ್ಲರಿಗೂ ಗೊತ್ತಾಯಿತು ಎಂದು ಅವಳಿಗೂ ಗೊತ್ತಾಯಿತು.

"ಶನಿವಾರ ಒಂದು ಗೀತೆ ಹಾಡು," ಮಾಸ್ಟ್ರು ಅವಳೆದುರು ಕೂತು, ಬಾಯಿ ತೆರೆತೆರೆದು ಹೇಳಿದರು. "ಶ್ರುತಿ ನಿಂತರೆ ಪರೀಕ್ಷೆಗೆ ಕಳಿಸ್ತೇನೆ."

ಸಂಜೆ ವೇಣೂರು ರಸ್ತೆಯ ತಿರುವಿನಲ್ಲಿ ಜಯವರ್ಮ ಅವಳನ್ನು ತಡೆದ. ಒಂದು ಡಯಲಾಗೂ ಬಾಯಿಗೆ ಬರಲಿಲ್ಲ.

"ನೂಲು ತೆಗೆದದ್ದು ನಾನು."

"ಗೊತ್ತುಂಟು. ಅಂಥ ಕೆಲಸಕ್ಕೆ ಈ ಊರಲ್ಲಿ ಬೇರೆ ಯಾರಿದ್ದಾರೆ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನನ್ನು ಹೆಚ್ಚು ಸುಟ್ಟಿತು. "ದಿನಾ ಇಂಜೆಕ್ಷನ್ ಕೊಟ್ಟರು. ಎದೆ ವಾಸಿ ಆಯ್ತು. ಅದೇ ಇಂಜೆಕ್ಷನಿಂದ ಕಿವಿ ಹೋಗ್ತಾ ಉಂಟು. ಮೊದಲು ಹಕ್ಕಿ ಹೋಯ್ತು, ಆಮೇಲೆ ಅಮ್ಮನ ಮಾತು. ದಂಡಿಗೆ ಕೆನ್ನೆ ಇಟ್ಟರೆ ಮಾತ್ರ ಸ್ವಲ್ಪ ನಡುಗಿದ ಹಾಗೆ ಆಗ್ತದೆ."

"ಮತ್ತೆ ನೀವು ನನ್ನ ತುಟಿ ನೋಡ್ತಿದ್ದದ್ದು?"

"ಮಾತು ಓದ್ಲಿಕ್ಕೆ."

ಜಯವರ್ಮನ ಪಿಕ್ಚರು ಅಲ್ಲೇ ಕಟ್ಟಾಯಿತು. ಅವಳು ಅವನ ಮೋರೆ ನೋಡಿ ಮೊದಲ ಸಲ ತಲೆ ತಗ್ಗಿಸಿದಳು.

"ಮೊದಮೊದಲು," ಎಂದಳು ಮೆಲ್ಲಗೆ.

ಮತ್ತೆ ತಲೆಯೆತ್ತಿ ಕೇಳಿದಳು: "ಶನಿವಾರ ನಿಮ್ಮನ್ನು ನೋಡಿ ಹಾಡ್ತೇನೆ. ಮಾಸ್ಟ್ರಿಗೆ ನನ್ನನ್ನು ಕಂಡರೆ ಪಾಪ ಅನಿಸ್ತದೆ, ಅವರು ನಿಜ ಹೇಳುವುದಿಲ್ಲ. ಶ್ರುತಿ ನಿಂತಿತಾ ಇಲ್ಲವಾ, ನೀವು ಹೇಳಬೇಕು."

"ನಾನಾ? ನನ್ನ ಬಾಯಲ್ಲಿ ಬರುವುದೆಲ್ಲ ಬಂಡಲ್ ಅಂತ ಊರಿಗೇ ಗೊತ್ತುಂಟು."

"ಈ ಒಂದು ಮಾತು ಬಿಟ್ಟು ಉಳಿದದ್ದೆಲ್ಲ ಬಂಡಲ್ ಇರಲಿ."

ಶನಿವಾರ ಅವಳು ಹಾಡಿದಳು. ಷಡ್ಜದಲ್ಲಿ ನೆಟ್ಟಗೆ ಹೊರಟ ದನಿ ಪಂಚಮಕ್ಕೆ ಏರುವಾಗ ಜಾರಿತು, ತಾರ ಷಡ್ಜದಲ್ಲಿ ದಾರಿ ತಪ್ಪಿತು, ಕೆಳಗೆ ಇಳಿದಾಗ ಹೊರಟ ಜಾಗವೇ ಸಿಗಲಿಲ್ಲ. ಕೈಯ ತಾಳ ಮಾತ್ರ ಕೂದಲೆಳೆಯಷ್ಟೂ ತಪ್ಪಲಿಲ್ಲ.

ಮಾಸ್ಟ್ರು ಶಾಲಿನ ತುದಿಯಿಂದ ಮೂಗೊರೆಸಿಕೊಂಡರು. "ಪರವಾಗಿಲ್ಲ ಮಗಾ. ಚಂದ ಆಯ್ತು."

ಅವಳು ಜಯವರ್ಮನತ್ತ ತಿರುಗಿದಳು. ಹೌದು ಎಂದರೆ ಆ ಮುಖ ಹೇಗೆ ಅರಳುತ್ತದೆಂದು ಅವನಿಗೆ ಗೊತ್ತಿತ್ತು. ಪರೀಕ್ಷೆಯ ಕೋಣೆಯಲ್ಲಿ ಗುರುತಿಲ್ಲದವರ ಎದುರು ಹೇಗೆ ಬಾಡುತ್ತದೆ ಎಂಬುದೂ ಗೊತ್ತಿತ್ತು. ಅವಳು ಓದಲೆಂದು ತುಟಿಯನ್ನು ನಿಧಾನಕ್ಕೆ ಬಿಡಿಸಿದ.

"ನಿಲ್ಲಲಿಲ್ಲ, ಅನಂತಮತಿ."

ಅವಳು ತಂಬೂರಿಯನ್ನು ಚಾಪೆಯ ಮೇಲೆ ಮಲಗಿಸಿ, ಗವುಸು ಹಾಕಿ, ಲಾಡಿ ಬಿಗಿದಳು.

ಅಂಗಳದವರೆಗೆ ಅವನು ಹಿಂದೆಯೇ ಬಂದ. ಅವಳು ತಿರುಗಿ ನಿಂತಳು.

"ನಾಳೆ ಮನೆಗೆ ಬನ್ನಿ. ಮುಂದಿನ ಬಾಗಿಲಿಗೆ," ಎಂದಳು. "ಕಿವಿ ಪೂರಾ ಹೋಗುವ ಮೊದಲು ನಿಮ್ಮ ದನಿ ಹೇಗುಂಟು ಅಂತ ಸರಿ ಗುರುತು ಮಾಡ್ಕೊಳ್ಳಬೇಕು. ಗಟ್ಟಿ ಮಾತಾಡಿ."

"ಏನು ಮಾತಾಡ್ಲಿ?"

"ನನ್ನ ಹೆಸರು ಹೇಳಿ ಸಾಕು."