ಗಾಳಿ ಕಟ್ಟಿದ ಕಂಬಳಿ

ಮಾಲೀಕನ ಕಾರಿನ ಪೆಟ್ರೋಲ್ ಕದ್ದು ಚಿಮಣಿ ಎಣ್ಣೆ ಬೆರೆಸಿದ ಎಂದು ಡ್ರೈವರ್ ನಾಮದೇವನನ್ನು ತಾಂಡೂರಿನ ಒಂದು ಕಲ್ಲುಗಣಿಯ ಶೆಡ್ಡಿನಲ್ಲಿ ಎರಡು ದಿನದಿಂದ ಕೂಡಿಹಾಕಿದ್ದರು.

ಈಗ ಅದೇ ಕಾರು ನನ್ನ ಕೈಯಲ್ಲಿತ್ತು. ಹಾರೆಯ ಮೊನೆ ನನ್ನ ಪಕ್ಕೆಯಲ್ಲಿ!

ಹಾರೆ ಹಿಡಿದು ಪಕ್ಕದಲ್ಲಿ ಕೂತವನು ಗಣಿಯ ಕಾವಲುಗಾರ ಕಾಶಪ್ಪ. ಕುರಿಗಾರರ ಮನೆತನ. ಹೆಗಲ ಮೇಲೆ ಕೆಂಪಂಚಿನ ಕರಿಕಂಬಳಿ. ಬಹಳ ಹಿಂದೆ ಗಣಿಯ ಮಾಲೀಕ ಶಿವರಾಯನ ಜೀಪು. ಯಾಲಾಲ್ ರಸ್ತೆಯ ಏರು. ಎದುರಿಗೆ ಹಾಸುಗಲ್ಲಿನ ಲಾರಿ...

ಆಕ್ಸಿಲರೇಟರ್ ಒತ್ತಿದೆ. ಎಂಜಿನ್ ಕೆಮ್ಮಿತು. ಹಿಂದೆಲ್ಲ ಕರಿಹೊಗೆ.

“ಸಾಯ್ತೀವೋ ಮಿಸ್ತ್ರಿ! ಬಾಜೂಕ ತಗೋ!”

“ಹಾರಿ ಹಿಂದಕ ತಗಿ ಮೊದಲ!”

ಸ್ಟೀರಿಂಗ್ ತಿರುವಿದೆ. ಲಾರಿ ಬಾಗಿಲು ಸವರಿಕೊಂಡು ಹೋಯಿತು. ಬೇವಿನ ಮರದ ಬುಡದಲ್ಲಿ ಕಾರು ನಿಂತಿತು.

ನಾನು ಆತ್ಮಾರಾಮ. ಜಹೀರಾಬಾದಿನಲ್ಲಿ ಗ್ಯಾರೇಜು. ಎಪ್ಪತ್ತೆಂಟನೆಯ ಇಸವಿ ಅದು. ಅವರಿಗೆ ಬೇಕಿದ್ದುದು ಕಾರು ಓಡಿಸಿ ನೋಡಿದ ಮಿಸ್ತ್ರಿಯ ಒಂದು ಸಹಿ. ‘ಟ್ಯಾಂಕಿನಲ್ಲಿ ಚಿಮಣಿ ಎಣ್ಣೆ ಇದೆ’ ಎಂದು ಬರೆದ ಕಾಗದ ಆಗಲೇ ನನ್ನ ಜೇಬಿನಲ್ಲಿತ್ತು. ಸಹಿ ಬಿದ್ದರೆ ನಾಮದೇವ ಕಳ್ಳ. ಕಳ್ಳನ ಸಾಕ್ಷಿಯನ್ನು ಕೋರ್ಟು ನಂಬುತ್ತದೆಯೇ? ಗಣಿಯ ಗೋಡೆ ಕುಸಿದು ಇಬ್ಬರು ಕೂಲಿ ಹೆಂಗಸರು ಸತ್ತದ್ದನ್ನು ಕಂಡವನು ಅವನೊಬ್ಬನೇ. ಸೋಮವಾರ ವಿಚಾರಣೆ!

ಬಾನೆಟ್ ಎತ್ತಿದೆ. ಒಂದು ಪ್ಲಗ್ ಬಿಚ್ಚಿದೆ. ಮೂತಿ ಮಸಿಯಾಗಿತ್ತು.

“ನೋಡ್ದಿ? ಚಿಮಣಿ ಎಣ್ಣಿ!” ಎಂದ ಕಾಶಪ್ಪ.

“ಪ್ಲಗ್ಗು ಹೊಟ್ಟಿನೋವು ಹೇಳ್ತದ. ಉಂಡದ್ದೇನಂತ ಹೇಳಂಗಿಲ್ಲ.”

ಜೇಬಿನ ಕಾಗದ ತೆಗೆದೆ. ಅದರ ಮೇಲೆಯೇ ಕಾರಿನ ಪೆಟ್ರೋಲ್ ನಾಲ್ಕು ಹನಿ ಬಿಟ್ಟೆ.

“ಹುಚ್ಚ ಅದಿ ಏನು? ಸಾವ್ಕಾರರ ಕಾಗದ ಅದು!”

“ತಡಿ. ಚಿಮಣಿ ಎಣ್ಣಿ ಇದ್ರ ಜಿಡ್ಡು ಉಳೀತದ.”

ಬಿಸಿಲಿಗೆ ಹಿಡಿದೆ. ಹನಿ ಆರಿತು. ಕಲೆ ಇಲ್ಲ... ಒಂದೂ ಇಲ್ಲ!

ಪೆಟ್ರೋಲ್ ಚೊಕ್ಕ. ಹಾಗಾದರೆ ಮಸಿ ಎಲ್ಲಿಂದ? ಗಾಳಿ ಸಾಲದ ಎಂಜಿನ್ ಮಸಿ ಕಕ್ಕುತ್ತದೆ. ಏರ್ ಕ್ಲೀನರಿನ ಬಾಯಿಗೆ ಕೈ ಹಾಕಿದೆ. ಮೆತ್ತಗೆ ಏನೋ ತಗುಲಿತು. ಕಂಬಳಿಯ ಚೂರು! ಮೂರು ಮಡಿಕೆ, ಬಿಗಿಯಾದ ಗಂಟು, ಮೇಲೆ ಭಂಡಾರದ ಅರಿಶಿನ.

ಅಂಚು ಕೆಂಪು.

ಕಾಶಪ್ಪನ ಹೆಗಲು ನೋಡಿದೆ. ಅವನ ಕಂಬಳಿಗೆ ಒಂದು ಮೂಲೆ ಇರಲಿಲ್ಲ.

“ನಾನೇ ಕಟ್ಟೀನಿ,” ಎಂದ. “ಗಣಿ ಧೂಳು ಒಳಗ ಹೋಗ್ತದ, ಏನರೆ ಕಟ್ಟು ಅಂದ್ರು ಸಾವ್ಕಾರ. ನಮ್ಮ ದೇವರು ಮಲ್ಲಣ್ಣನ ಹೆಸರ್ಲೆ ಕಟ್ದೆ. ನಮ್ಮ ಕಂಬಳ್ಯಾಗ ಮಳಿ ಸೈತ ಹೊಗಂಗಿಲ್ಲ!”

“ಗಾಳಿನೂ ಹೊಗಂಗಿಲ್ಲ. ನಿನ್ನ ಮೂಗಿಗಿ ಕಟ್ಟಿ ಈ ಏರು ಓಡಿಸ್ಲೇನು?”

ಅವನ ಮುಖ ಇಳಿಯಿತು.

“ಬಿಚ್ಚತೀನಿ ಅಂದಿದ್ದ ನಾಮದೇವ... ಮುಟ್ಟಬ್ಯಾಡ ಅಂದ್ರು ಸಾವ್ಕಾರ. ಮತ್ತ ಅವನ್ನೇ ಹೊಡ್ಸಿದ್ರು. ನನ್ನ ಕೈಲೇ!”

ಚೂರು ಕಿತ್ತೆ. ಪ್ಲಗ್ ಒರೆಸಿ ಹಾಕಿದೆ. ಸ್ಟಾರ್ಟ್! ಎರಡು ಸಲ ಕೆಮ್ಮಿ ಎಂಜಿನ್ ಸರಾಗ ಉಸಿರಾಡಿತು.

ಅಷ್ಟರಲ್ಲಿ ಜೀಪು ಬಂದು ನಿಂತಿತು. ಶಿವರಾಯ ಇಳಿದ.

“ಸಹಿ ಆತೇನು ಮಿಸ್ತ್ರಿ?”

“ಆಗಂಗಿಲ್ರಿ. ಪೆಟ್ರೋಲ್ ಚೊಕ್ಕ ಅದ. ನಿಮ್ಮ ಕಾಗದಾನೇ ಹೇಳ್ತದ.”

“ಜಹೀರಾಬಾದ್ ಮುಟ್ಟಬೇಕಂತಿಯೋ ಇಲ್ಲೋ?”

“ತಾಂಡೂರಿಗಿ ಹೋಗೋದದ ಮೊದಲ.”

“ಕಾಶಪ್ಪಾ! ಇವನ ಕೈ ಮುರಿ!”

ಕಾಶಪ್ಪ ಹಾರೆ ಎತ್ತಿದ. ನಾನು ಸ್ಟೀರಿಂಗ್ ಮೇಲೆ ಬಾಗಿದೆ.

ಹಾರೆ ಹಿಂದಿನ ಕಿಟಕಿಯಿಂದ ಹಾದು ಹಿಂದಿನ ಸೀಟಿಗೆ ಬಿತ್ತು. ಅವನು ಬಂದು ಪಕ್ಕದಲ್ಲಿ ಕೂತ.

“ಇಳಿಯಲೇ ಕೆಳಗ! ಶೆಡ್ಡಿನ ಚಾವಿ ಕೊಡು!”

“ಇಳಿಯಂಗಿಲ್ರಿ. ಚಾವಿನೂ ಕೊಡಂಗಿಲ್ಲ.” ಉಡದಾರದ ಚಾವಿ ಮುಟ್ಟಿ ನೋಡಿಕೊಂಡ. “ಗಾಡಿ ಹೊಡಿ ಮಿಸ್ತ್ರಿ, ನಾಮದೇವ ಕುಂತಾನ ಅಲ್ಲಿ.”

ಗೇರ್ ಹಾಕಿದೆ. ಕನ್ನಡಿಯಲ್ಲಿ ಈ ಸಲ ಹೊಗೆ ಇರಲಿಲ್ಲ. ಸಾವ್ಕಾರನ ಮುಖ ಮಾತ್ರ ಮಸಿಯಾಗಿತ್ತು!